ಹುಲಿ ಸಿಕ್ಕಿತು, ಗಿರಿಜೆ ಸಿಗಲಿಲ್ಲ

ದಾವಣಗೆರೆಯಲ್ಲಿ ಶಿವಯೋಗಿ ಎಂಬ ಕನ್ನಡಕದ ಅಂಗಡಿಯವನಿದ್ದ. ಬಹಳ ಎಚ್ಚರದ ಮನುಷ್ಯ. ಗಿರಾಕಿ ಕೊಟ್ಟ ನೋಟನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಹೊಸ ಗಾಜು ಬಂದರೆ ಗೀರು ಬಿದ್ದಿದೆಯೇ ಎಂದು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ರಾತ್ರಿ ಅಂಗಡಿಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಹೋದವನು ಮತ್ತೆ ಬಂದು ಬೀಗ ಜಗ್ಗಿ ನೋಡಿಯೇ ಮನೆಗೆ ಹೋಗುತ್ತಿದ್ದ.

ಇಂಥ ಶಿವಯೋಗಿಗೆ ಒಂದು ಹುಚ್ಚಿತ್ತು. ಅದು ಕಾಮಿಕ್ಸ್ ಹುಚ್ಚು. ಚಿಕ್ಕಂದಿನಲ್ಲಿ ಹತ್ತಿದ್ದು, ತಲೆಗೂದಲು ನರೆತರೂ ಬಿಟ್ಟಿರಲಿಲ್ಲ. ವರ್ಷಕ್ಕೊಮ್ಮೆ ಬೆಂಗಳೂರಿನಲ್ಲಿ ಶನಿವಾರ, ಭಾನುವಾರ ಕಾಮಿಕ್ಸ್ ಮೇಳ ನಡೆಯುತ್ತಿತ್ತು. ದೊಡ್ಡ ದೊಡ್ಡ ಕಲಾವಿದರು ಬಂದು ಮೇಜಿನ ಮುಂದೆ ಕೂರುತ್ತಿದ್ದರು. ಅಭಿಮಾನಿಗಳು ಸಾಲಿನಲ್ಲಿ ನಿಂತು ತಮ್ಮ ಪುಸ್ತಕದಲ್ಲಿ ಒಂದೊಂದು ಚಿತ್ರ ಬರೆಸಿಕೊಳ್ಳುತ್ತಿದ್ದರು. ಶಿವಯೋಗಿ ಒಂದು ವರ್ಷವೂ ತಪ್ಪಿಸಿದವನಲ್ಲ. ದಪ್ಪ ರಟ್ಟಿನ ಅವನ ಚಿತ್ರಪುಸ್ತಕದಲ್ಲಿ ಹಾಳೆಹಾಳೆಗೂ ಒಬ್ಬೊಬ್ಬ ಕಲಾವಿದರ ಕೈಚಿತ್ರವಿತ್ತು. ಕೆಲವರು ಈಗ ಬದುಕಿಯೂ ಇರಲಿಲ್ಲ. ಆ ಪುಸ್ತಕವನ್ನು ಅವನು ಹೆಂಡತಿಯ ಕೈಗೂ ಕೊಡುತ್ತಿರಲಿಲ್ಲ. ತಾನೇ ಹಾಳೆ ತಿರುವುತ್ತಾ ತೋರಿಸುತ್ತಿದ್ದ.

ಈ ಸಲ ಮೇಳಕ್ಕೆ ಮುಂಬೈಯಿಂದ ಫಿರೋಜಾ ಎಂಬ ಕಲಾವಿದೆ ಬರುವವಳಿದ್ದಳು. ಅವಳು ಬರೆಯುವ ಹುಲಿ ಎಂದರೆ ಶಿವಯೋಗಿಗೆ ಪ್ರಾಣ. ಹುಲಿ ಬರೆಸಿಕೊಂಡೇ ಬರುತ್ತೇನೆಂದು ಹೇಳಿ ಶುಕ್ರವಾರವೇ ರೈಲು ಹತ್ತಿದ.

ಜನ ಹೆಚ್ಚಾಗಿ ಹೋದ ವರ್ಷ ನೂಕುನುಗ್ಗಲಾಗಿತ್ತು. ಅದಕ್ಕೆ ಮೇಳದವರು ಹೊಸ ನಿಯಮ ಮಾಡಿದ್ದರು. ಬಾಗಿಲಲ್ಲಿ ಚೀಟಿ ಎತ್ತಬೇಕು. ಚೀಟಿಯಲ್ಲಿ ಯಾವ ಕಲಾವಿದರ ಹೆಸರು ಬರುತ್ತದೋ ಅವರ ಬಣ್ಣದ, ನಂಬರು ಬರೆದ ಕಾಗದದ ಪಟ್ಟಿಯನ್ನು ಮುಂಗೈಗೆ ಅಂಟಿಸುತ್ತಾರೆ. ಬಿಚ್ಚಿದರೆ ಹರಿದು ಹೋಗುತ್ತದೆ. ಪಟ್ಟಿ ಇದ್ದವರೇ ಸಾಲಿನಲ್ಲಿ ನಿಲ್ಲಬೇಕು, ಒಬ್ಬರಿಗೆ ಒಂದೇ ಚಿತ್ರ. ನಂಬರು ಕೂಗಿದಾಗ ಇಲ್ಲದಿದ್ದರೆ ಸರದಿ ಹಿಂದಿನವರಿಗೆ.

ಶಿವಯೋಗಿ ಚೀಟಿ ಎತ್ತಿದ. ಬಂದದ್ದು ಹಳದಿ ಪಟ್ಟಿ, ದತ್ತಾತ್ರಿ ಮೇಷ್ಟ್ರದು. ಮೇಷ್ಟ್ರು ಹಳೇ ಕಾಲದವರು. ಮಕ್ಕಳ ಪತ್ರಿಕೆಯಲ್ಲಿ ಸೈಕಲ್ ಏರಿ ಊರೂರು ತಿರುಗುವ ಗಿರಿಜೆ ಎಂಬ ಹುಡುಗಿಯ ಚಿತ್ರಕಥೆ ಬರೆದವರು. ಆದರೆ ಅವರ ಕೈಯ ಆನೆ ಶಿವಯೋಗಿಯ ಪುಸ್ತಕದಲ್ಲಿ ಆಗಲೇ ಇತ್ತು. ಅವನು ಪೆಚ್ಚಾಗಿ ನಿಂತ.

ಅಷ್ಟರಲ್ಲಿ ಪಕ್ಕದಲ್ಲಿ ಯಾರೋ ಕೇಳಿದರು: "ಅಣ್ಣ, ನಿಮ್ಗೆ ಮೇಷ್ಟ್ರು ಬಂದ್ರಾ?"

ತಿರುಗಿ ನೋಡಿದ. ಮೂವತ್ತರ ಆಸುಪಾಸಿನ ಹೆಂಗಸು. ಹಸಿರು ಚೂಡಿದಾರ, ಹೆಗಲಿಗೆ ದೊಡ್ಡ ಚೀಲ, ಮುಂಗೈಯಲ್ಲಿ ನೀಲಿ ಪಟ್ಟಿ. ಫಿರೋಜಾಳ ಪಟ್ಟಿ! ಹೆಸರು ತೇಜಾವತಿ, ಹಾಸನದ ಆಸ್ಪತ್ರೆಯೊಂದರಲ್ಲಿ ನರ್ಸು. ಶಿವಯೋಗಿ ತನ್ನ ಹುಲಿಯ ಆಸೆ ಹೇಳಿಕೊಂಡ.

"ನಮ್ಮ ಮಕ್ಕಳ ವಾರ್ಡಲ್ಲಿ ಸೂಜಿ ಚುಚ್ಚೋವಾಗ ನಾನು ಗಿರಿಜೆ ಕಥೆ ಹೇಳ್ತೀನಿ ಅಣ್ಣ. ಕಥೆ ಕೇಳ್ತಾ ಅಳೋದೇ ಮರೀತವೆ. ಗಿರಿಜೆ ಹೆಂಗಿರ್ತಾಳೆ ತೋರ್ಸಿ ಅಂತ ಒಂದೇ ಕಾಟ. ಮೇಷ್ಟ್ರ ಕೈಲೇ ಬರೆಸಿ ಗೋಡೆಗೆ ಹಾಕ್ತೀನಿ ಅಂದು ಬಂದಿದ್ದೀನಿ. ನೋಡಿದ್ರೆ ಈ ಚೀಟಿ. ಪಟ್ಟಿ ಬದಲಾಯಿಸೋಕಾಗಲ್ಲ ಸರಿ, ಪುಸ್ತಕ ಬದಲಾಯಿಸಬಹುದಲ್ಲ? ನಿಮ್ಮ ಪುಸ್ತಕ ನಂಗೆ ಕೊಡಿ, ಹುಲಿ ಬರೆಸಿಕೊಡ್ತೀನಿ. ನನ್ನ ಪುಸ್ತಕದಲ್ಲಿ ನೀವು ಗಿರಿಜೇನ ಬರೆಸಿಕೊಡಿ."

ಮಾತು ನ್ಯಾಯವಾಗಿತ್ತು. ಆದರೂ ಶಿವಯೋಗಿ ತನ್ನ ಪುಸ್ತಕವನ್ನು ಎದೆಗೊತ್ತಿಕೊಂಡ. ಬಿಡಿ ಹಾಳೆ ಕೊಟ್ಟು ಕಳಿಸೋಣವೆಂದರೆ, ಮಾರಿಕೊಳ್ಳುತ್ತಾರೆಂದು ಫಿರೋಜಾ ಬಿಡಿ ಹಾಳೆಯ ಮೇಲೆ ಬರೆಯುತ್ತಿರಲಿಲ್ಲ. ಅವನು ತೇಜಾವತಿಯ ಪುಸ್ತಕ ನೋಡಿದ. ಮೊನ್ನೆಯಷ್ಟೇ ಕೊಂಡಂತಿತ್ತು. ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಖಾಲಿ. ತನ್ನದು ಹೋದರೆ ಅರ್ಧ ಆಯಸ್ಸೇ ಹೋದಂತೆ. ಅವಳದು ಹೋದರೆ ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ.

ಆದರೆ ಹುಲಿಯ ಆಸೆ ಗೆದ್ದಿತು. ಪುಸ್ತಕ ಅವಳ ಕೈಗಿಟ್ಟ.

"ಹುಷಾರಮ್ಮ. ಎಲ್ಲೂ ಇಡಬೇಡ. ಕೈಯಾಗೇ ಇರಲಿ."

"ನೀವು ನನ್ನ ಲೈನ್ ಬಿಟ್ಟು ಹೋಗಬೇಡಿ ಅಣ್ಣ, ಅಷ್ಟೇ," ಎಂದು ನಕ್ಕಳು. ಚಿತ್ರ ಆದಮೇಲೆ ಕಾಫಿ ಅಂಗಡಿ ಹತ್ತಿರ ಸೇರೋಣವೆಂದು ಮಾತಾಡಿಕೊಂಡರು. ಅವಳು ಪಕ್ಕದ ಹಾಲ್‌ಗೆ ಹೋದಳು. ಇವನು ಮೇಷ್ಟ್ರ ಸಾಲಿನಲ್ಲಿ ನಿಂತ.

ಅವಳು ಮರೆಯಾದದ್ದೇ ತಡ, ಶಿವಯೋಗಿಯ ತಲೆಯಲ್ಲಿ ಹುಳ ಹೊಕ್ಕಿತು. ಅಷ್ಟು ದೊಡ್ಡ ಚೀಲ ಯಾಕೆ ತಂದಿದ್ದಾಳೆ? ಅಷ್ಟು ಜನರಿದ್ದರೂ ನನ್ನನ್ನೇ ಯಾಕೆ ಮಾತಾಡಿಸಿದಳು? ನನ್ನ ಪುಸ್ತಕದ ದಪ್ಪ ನೋಡಿಯೇ ಬಂದಿರಬೇಕು. ನರ್ಸು ಎಂದಳು, ನರ್ಸು ಹೌದೋ ಅಲ್ಲವೋ ಕಂಡವರಾರು? ಫೋನ್ ನಂಬರನ್ನೂ ಕೇಳಲಿಲ್ಲವಲ್ಲ ನಾನು! ಅವಳೂ ಕೊಡಲಿಲ್ಲ. ಬೇಕೆಂದೇ ಕೊಡಲಿಲ್ಲವೇನೋ.

ಹಿಂದೆ ನಿಂತ ಕನ್ನಡಕದ ಮನುಷ್ಯನೊಬ್ಬ ಪುಸ್ತಕ ಕೈ ಬದಲಾದದ್ದನ್ನು ನೋಡಿದ್ದ. ಅವನು ಸುಮ್ಮನಿರಲಾರದೆ ಕೇಳಿದ: "ಪುಸ್ತಕ ಕೊಟ್ಟು ಕಳಿಸಿದ್ರಲ್ಲ, ಪರಿಚಯದವರಾ?"

"ಇಲ್ಲ. ಈಗಷ್ಟೇ ಮಾತಾಡಿಸಿದ್ದು."

"ಓಹೋ," ಎಂದ ಆ ಮನುಷ್ಯ. ಅಷ್ಟೇ ಎಂದದ್ದು. ಆದರೆ ಆ ಓಹೋ ಶಿವಯೋಗಿಯ ಕಿವಿಯಲ್ಲಿ ಬಹಳ ಹೊತ್ತು ಗುಂಯ್‌ಗುಟ್ಟಿತು.

ಸಾಲು ಮೆಲ್ಲಗೆ ಸರಿಯಿತು. ಮೇಷ್ಟ್ರ ಕೈ ವಯಸ್ಸಿನ ಕೈ. ಒಂದು ಗೆರೆ ಎಳೆದು ನಿಲ್ಲಿಸಿ, ಬೆರಳು ಮಡಚಿ ಬಿಡಿಸಿ, ಮತ್ತೊಂದು ಗೆರೆ ಎಳೆಯುತ್ತಿದ್ದರು. ಮುಂದೆ ನಾಲ್ಕೈದು ಜನ ಉಳಿದರು. ಅಷ್ಟರಲ್ಲಿ ಮೈಕಿನಲ್ಲಿ ಯಾರೋ ಹೇಳಿದರು, ನಿಮ್ಮ ನಿಮ್ಮ ವಸ್ತುಗಳಿಗೆ ನೀವೇ ಜವಾಬ್ದಾರರು ಎಂದು. ಬೆಳಿಗ್ಗೆಯಿಂದ ಹೇಳುತ್ತಿದ್ದದ್ದೇ. ಈಗ ಅದು ತನ್ನೊಬ್ಬನಿಗೇ ಹೇಳಿದಂತೆ ಶಿವಯೋಗಿಗೆ ಕೇಳಿಸಿತು. ನಿಂತಲ್ಲಿ ನಿಲ್ಲಲಾಗಲಿಲ್ಲ.

"ಎರಡು ನಿಮಿಷ, ಬಂದೆ," ಎಂದು ಹಿಂದಿನವನಿಗೆ ಹೇಳಿ, ತೇಜಾವತಿಯ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಪಕ್ಕದ ಹಾಲ್‌ಗೆ ಓಡಿದ.

ಅಲ್ಲಿ ಬೆಳಿಗ್ಗೆ ಬಾಗಿಲ ಪಕ್ಕ ಕಂಡಿದ್ದ ಫಿರೋಜಾಳ ಸಾಲು ಇರಲೇ ಇಲ್ಲ! ಬರೀ ನೆಲ. ಜನರನ್ನು ಸರಿಸುತ್ತಾ ಆ ಮೂಲೆಗೆ ಹೋದ, ಈ ಮೂಲೆಗೆ ಬಂದ. ಹಸಿರು ಚೂಡಿದಾರ ಕಂಡಲ್ಲೆಲ್ಲ ಮುಖ ನೋಡಿದ. ಯಾರೋ ಬೈದರು. ಹೊರಬಾಗಿಲಿಗೆ ಓಡಿ ಸೆಕ್ಯುರಿಟಿಯವನ ಮುಂದೆ ಏದುಸಿರು ಬಿಡುತ್ತಾ ನಿಂತ.

"ಒಬ್ಬ ಹೆಂಗಸು... ದೊಡ್ಡ ಚೀಲ... ಹೊರಗೆ ಹೋದಳಾ?"

"ಇಲ್ಲಿ ಎಲ್ಲರ ಹತ್ರಾನೂ ದೊಡ್ಡ ಚೀಲಾನೇ ಸಾರ್. ಏನಾಯ್ತು? ಕಳ್ಳತನವಾ?"

ಹೌದು ಎನ್ನಲು ಶಿವಯೋಗಿ ಬಾಯಿ ತೆರೆದ. ಆಗ ದೂರದಲ್ಲಿ ಕಂಬದ ಆಚೆ ಉದ್ದನೆಯ ಸಾಲೊಂದು ಕಾಣಿಸಿತು. ದಾರಿಗೆ ಅಡ್ಡವಾಗುತ್ತದೆಂದು ವಾಲಂಟಿಯರುಗಳು ಸಾಲನ್ನು ಅಲ್ಲಿಗೆ ಸರಿಸಿದ್ದರು. ತೇಜಾವತಿ ಸಾಲಿನಲ್ಲೇ ನೆಲದ ಮೇಲೆ ಕುಳಿತಿದ್ದಳು. ಅವನ ಪುಸ್ತಕ ತೊಡೆಯ ಮೇಲಿತ್ತು. ಪಕ್ಕದವರ ಕಾಫಿ ಗೀಫಿ ಚೆಲ್ಲೀತೆಂದು ಅದನ್ನು ದುಪಟ್ಟಾದಲ್ಲಿ ಸುತ್ತಿ ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ಇವನನ್ನು ಅವಳು ನೋಡಲಿಲ್ಲ.

ಶಿವಯೋಗಿಗೆ ಹೋದ ಜೀವ ಬಂದಂತಾಯಿತು. ಹಣೆಯ ಬೆವರು ಒರೆಸಿಕೊಂಡು ವಾಪಸು ಓಡಿದ.

ಅವನು ಬರುವಷ್ಟರಲ್ಲಿ ಮೇಷ್ಟ್ರ ಮೇಜು ಖಾಲಿಯಾಗುತ್ತಿತ್ತು. ಅವರ ಮಗ ಬಣ್ಣದ ಡಬ್ಬಿ ಮುಚ್ಚುತ್ತಿದ್ದ.

"ನಿಮ್ಮ ನಂಬರ್ ಮೂರು ಸಲ ಕೂಗಿದ್ವಿ ಸಾರ್," ಎಂದಳು ವಾಲಂಟಿಯರ್ ಹುಡುಗಿ. "ನೀವಿರಲಿಲ್ಲ. ಹಿಂದಿನವರಿಗೆ ಕೊಟ್ವಿ. ಅದೇ ಕೊನೇದು."

ಶಿವಯೋಗಿ ಮೇಷ್ಟ್ರ ಮುಂದೆ ಕೈಮುಗಿದ. "ಮೇಷ್ಟ್ರೇ, ಒಂದೇ ಒಂದು. ಸಣ್ಣದು. ಗೆರೆ ಎಳೆದು ಕೊಟ್ಟರೂ ಸಾಕು."

ಮೇಷ್ಟ್ರು ತಮ್ಮ ಬಲಗೈ ಎತ್ತಿ ತೋರಿಸಿದರು. ಬೆರಳುಗಳು ತಾವಾಗಿಯೇ ನಡುಗುತ್ತಿದ್ದವು. "ಇದು ಇವತ್ತಿಗೆ ಇಷ್ಟೇ ಕಣಪ್ಪ. ನಾಳೆ ನಾನು ಬರೋದಿಲ್ಲ," ಎಂದು ಮಗನ ಹೆಗಲು ಹಿಡಿದು ಮೆಲ್ಲಗೆ ಹೊರಟುಹೋದರು.

ಕಾಫಿ ಅಂಗಡಿಯ ಹತ್ತಿರ ತೇಜಾವತಿ ಓಡೋಡಿ ಬಂದಳು. ಪುಸ್ತಕ ತೆರೆದು ಹಿಡಿದಳು. ಹಾಳೆಯ ತುಂಬ ಹುಲಿ. ಮೀಸೆಯ ಒಂದೊಂದು ಕೂದಲೂ ಎದ್ದು ನಿಂತಿತ್ತು. ಕೆಳಗೆ ಚೆಂದದ ಅಕ್ಷರದಲ್ಲಿ ಶಿವಯೋಗಿಯ ಹೆಸರು.

"ಹೆಸರು ನಾನೇ ಹೇಳಿ ಬರೆಸಿದೆ. ಸರಿಯಾಗಿದೆಯಾ ನೋಡಿ. ಎಲ್ಲಿ ನನ್ನ ಗಿರಿಜೆ?"

ಶಿವಯೋಗಿ ಅವಳ ಖಾಲಿ ಪುಸ್ತಕವನ್ನು ಮುಂದೆ ಹಿಡಿದ. "ಮೇಷ್ಟ್ರಿಗೆ ಸುಸ್ತಾಯ್ತಮ್ಮ. ನನ್ನ ಪಾಳಿ ಬರೋದರೊಳಗೇ ಎದ್ದುಬಿಟ್ರು," ಎಂದ.

ಅವಳ ಮುಖ ಬಾಡಿತು. ಆದರೆ ಒಂದು ಮರುಪ್ರಶ್ನೆಯನ್ನೂ ಕೇಳಲಿಲ್ಲ. "ಪಾಪ, ವಯಸ್ಸಾಯ್ತಲ್ಲ ಅವರಿಗೂ. ಇರಲಿ ಬಿಡಿ ಅಣ್ಣ. ನೀವಾದ್ರೂ ಏನ್ಮಾಡ್ತೀರ?" ಎಂದು ಖಾಲಿ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡಳು.

ಬೈದಿದ್ದರೆ ಶಿವಯೋಗಿ ವಾದ ಮಾಡುತ್ತಿದ್ದ. ಅನುಮಾನಪಟ್ಟಿದ್ದರೆ ಆಣೆ ಇಡುತ್ತಿದ್ದ. ಅವಳು ನಂಬಿಬಿಟ್ಟಳು. ಆ ರಾತ್ರಿ ಲಾಡ್ಜಿನಲ್ಲಿ ಹುಲಿಯ ಹಾಳೆ ತೆರೆದರೆ ಖುಷಿಯೇ ಆಗಲಿಲ್ಲ.

ಭಾನುವಾರ ಬೆಳಿಗ್ಗೆ ಮೇಳದ ಬಾಗಿಲಲ್ಲಿ ತೇಜಾವತಿ ಅವನನ್ನು ಹುಡುಕಿಕೊಂಡು ಬಂದಳು. ಕೈಯಲ್ಲಿ ಸ್ಟೀಲ್ ಡಬ್ಬಿ.

"ಚಿಕ್ಕಮ್ಮನ ಮನೇಲಿ ಉಳ್ಕೊಂಡಿದ್ದೆ. ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಮಾಡಿಸ್ಕೊಂಡು ಬಂದೆ. ನನಗೋಸ್ಕರ ನಿನ್ನೆ ಅಷ್ಟು ಹೊತ್ತು ನಿಂತ್ರಲ್ಲ, ಊಟಾನೂ ಮಾಡಿರಲಿಲ್ಲ ನೀವು."

ಶಿವಯೋಗಿ ಒಂದು ತುತ್ತು ಮುರಿದ. ಬಾಯಿಗೆ ಇಡಲಾಗಲಿಲ್ಲ. ಡಬ್ಬಿ ಕೆಳಗಿಟ್ಟು ನಡೆದದ್ದನ್ನೆಲ್ಲ ಹೇಳಿಬಿಟ್ಟ. ಸಾಲು ಬಿಟ್ಟು ಓಡಿದ್ದು, ಅವಳನ್ನು ಹುಡುಕಿದ್ದು, ಸೆಕ್ಯುರಿಟಿಯವನ ಮುಂದೆ ಬಾಯಿ ತೆರೆದದ್ದು, ಆಮೇಲೆ ಸುಳ್ಳು ಹೇಳಿದ್ದು. "ನಿನ್ನ ಮ್ಯಾಲೆ ಅನುಮಾನ ಬಂತಮ್ಮ. ತಪ್ಪಾತು. ನನ್ನ ಪುಸ್ತಕದಾಗ ಮೇಷ್ಟ್ರ ಆನೆ ಐತಿ, ಆ ಹಾಳೆ ಬಿಡಿಸಿ ಕೊಡ್ತೀನಿ, ತಗೊ."

ತೇಜಾವತಿ ಡಬ್ಬಿಯ ಮುಚ್ಚಳ ಹಾಕಿದಳು.

"ಆನೆ ಬೇಡ. ಮಕ್ಕಳಿಗೆ ಗಿರಿಜೆ ಬರ್ತಾಳೆ ಅಂತ ಹೇಳಿದ್ದೀನಿ," ಎಂದಳು. "ನಂಗೂ ಅನುಮಾನ ಬಂದಿತ್ತು ಅಣ್ಣ. ಇವರು ನಿಜವಾಗ್ಲೂ ನಿಂತಿರ್ತಾರಾ, ಊಟಕ್ಕೆ ಹೋಗಿಬಿಡ್ತಾರಾ ಅಂತ. ಎದ್ದು ನಿಂತು ಕತ್ತು ಚಾಚಿ ನೋಡಿದೆ. ಕಾಣಲಿಲ್ಲ. ನಾನು ಹೋಗಿ ನೋಡಿದ್ರೆ ಇವರ ಹುಲಿ ತಪ್ಪಿಹೋಗುತ್ತಲ್ಲ ಅಂತ ಮತ್ತೆ ಕೂತ್ಕೊಂಡೆ."

ಶಿವಯೋಗಿ ತಲೆ ತಗ್ಗಿಸಿದ.

ಅವತ್ತೂ ಚೀಟಿ ಎತ್ತಿದರು. ಇವರದ್ದೂ ಒಂದು ಚಿತ್ರ ಬೇಕೆಂದು ತೇಜಾವತಿ ಆಗಲೇ ಹೇಳಿದ್ದ ಇನ್ನೊಬ್ಬ ಕಲಾವಿದನ ಪಟ್ಟಿ ಶಿವಯೋಗಿಯ ಕೈಗೇ ಬಂತು. ಅವನು ಆಸೆಯಿಂದ ಅವಳ ಹತ್ತಿರ ಓಡಿದ. "ನಿನ್ನ ಪುಸ್ತಕ ಕೊಡಮ್ಮ. ಬದಲಿಗೆ ನನಗೇನೂ ಬ್ಯಾಡ. ಈ ಸಲ ಭೂಮಿ ಅಲುಗಾಡಿದರೂ ನಾನು ಅಲ್ಲಾಡಲ್ಲ."

ಅವಳು ಚೀಲದ ಮೇಲೆ ಕೈಯಿಟ್ಟಳು. ತೆಗೆಯಲಿಲ್ಲ.

"ಕೋಪ ಇಲ್ಲ ಅಣ್ಣ. ನೀವು ನಿಲ್ತೀರ, ಗೊತ್ತು. ಆದ್ರೆ ಪುಸ್ತಕ ನಿಮ್ಮ ಕೈಗೆ ಕೊಟ್ಟು ನಾನು ನೆಮ್ಮದಿಯಾಗಿ ಇರೋಕಾಗಲ್ಲ. ಇದ್ದಾರೋ ಹೋದ್ರೋ ಅಂತ ಎದ್ದೆದ್ದು ಬಂದು ನೋಡ್ತೀನಿ. ನಿನ್ನೆ ನಿಮಗೆ ಆದದ್ದು ಇವತ್ತು ನಂಗೆ ಆಗುತ್ತೆ. ಅದು ನಂಗೆ ಬೇಡ."

ಹೀಗೆಂದು ಅವಳು ಜನರ ನಡುವೆ ಸೇರಿಹೋದಳು. ಸ್ವಲ್ಪ ಹೊತ್ತಿನಲ್ಲಿ ಅವಳು ಯಾರೋ ಗುರುತಿಲ್ಲದ ಕಾಲೇಜು ಹುಡುಗಿಯ ಜೊತೆ ಪುಸ್ತಕ ಬದಲಾಯಿಸಿಕೊಳ್ಳುತ್ತಿರುವುದು ಶಿವಯೋಗಿಗೆ ಕಾಣಿಸಿತು. ಇಬ್ಬರೂ ನಗುತ್ತಿದ್ದರು.

ಶಿವಯೋಗಿ ತನ್ನ ಸಾಲಿನಲ್ಲಿ ತನ್ನ ಪುಸ್ತಕವನ್ನು ತಾನೇ ಹಿಡಿದುಕೊಂಡು ನಿಂತ. ಯಾರೂ ಅದನ್ನು ಕದಿಯಲಿಲ್ಲ. ಯಾರೂ ಅದನ್ನು ಕೇಳಲೂ ಇಲ್ಲ.

ಈಗಲೂ ದಾವಣಗೆರೆಯ ಅವನ ಅಂಗಡಿಗೆ ಬಂದವರು ಆ ಪುಸ್ತಕ ನೋಡಿದರೆ ಹುಲಿಯ ಹಾಳೆಯಲ್ಲಿ ನಿಲ್ಲುತ್ತಾರೆ. "ಅಬ್ಬಾ, ಇದಕ್ಕೆ ಎಷ್ಟು ಹೊತ್ತು ಕಾದಿದ್ರಿ ಸಾಹುಕಾರ್ರೆ?" ಎನ್ನುತ್ತಾರೆ.

"ಕಾದಿದ್ದು ನಾನಲ್ಲ," ಎನ್ನುತ್ತಾನೆ ಶಿವಯೋಗಿ, ಹಾಳೆ ತಿರುವುತ್ತಾ.

ನೀತಿ: ಅನುಮಾನ ಯಾರಿಗಾದರೂ ಬರುತ್ತದೆ, ಬಂದದ್ದು ತಪ್ಪಲ್ಲ. ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೂ ಒಪ್ಪಿಕೊಂಡ ಕೆಲಸ ಮುಗಿಸುವವನೇ ನಂಬಿಕಸ್ಥ. ಇನ್ನೊಬ್ಬರು ಮೋಸ ಮಾಡಿಯಾರೆಂದು ಹೆದರಿ ನಾವು ಕೊಟ್ಟ ಮಾತು ತಪ್ಪಿದರೆ, ಅಲ್ಲಿ ಮೋಸ ಮಾಡಿದವರು ನಾವೇ ಆಗುತ್ತೇವೆ.