ಚಿತ್ರದ ಹಿಂದಿನ ಹಲ್ಲಿ

ಹೆಸರಾಂತ ಚಿತ್ರಕಾರನೊಬ್ಬನ ಚಿತ್ರಗಳನ್ನು ನೋಡಲು ಗುಬ್ಬಕ್ಕ ಮ್ಯೂಸಿಯಂ ಹೊಕ್ಕಿತು. ದೊಡ್ಡದೊಂದು ಕೆಂಪು ಚಿತ್ರದೆದುರು ಹಕ್ಕಿಗಳು ನೆರೆದಿದ್ದವು.

"ಇದು ಸೂರ್ಯಾಸ್ತ" ಎಂದಿತು ಕಾಗೆ. ಚಿತ್ರದ ಹಿಂದೆ ಹಲ್ಲಿ ಲೊಚಗುಟ್ಟಿತು. "ಸತ್ಯ, ಸತ್ಯ" ಎಂದು ಎಲ್ಲವೂ ಕೊಕ್ಕಿನಿಂದ ನೆಲ ಕುಟ್ಟಿದವು.

"ಅಲ್ಲ, ಕಾಳ್ಗಿಚ್ಚು" ಎಂದಿತು ಗೊರವಂಕ. ಹಲ್ಲಿ ಅದಕ್ಕೂ ಲೊಚಗುಟ್ಟಿತು. ಹಕ್ಕಿಗಳು ಅದಕ್ಕೂ ನೆಲ ಕುಟ್ಟಿದವು.

ಗುಬ್ಬಕ್ಕನಿಗೆ ತಲೆಬುಡ ತಿಳಿಯಲಿಲ್ಲ. ಚೌಕಟ್ಟಿನ ಹಿಂದೆ ಇಣುಕಿ, "ಹಲ್ಲಿಯಣ್ಣ, ಎರಡರಲ್ಲಿ ಯಾವುದು ನಿಜ?" ಎಂದು ಕೇಳಿತು.

"ನಾನು ಹಿಂದೆಯೇ ಇರುವವನು ಗುಬ್ಬಕ್ಕಾ, ಚಿತ್ರ ನೋಡಿಯೇ ಇಲ್ಲ. ಸೊಳ್ಳೆ ಸಿಕ್ಕಾಗ ಲೊಚಗುಟ್ಟುತ್ತೇನೆ, ಅಷ್ಟೆ."

ಗುಬ್ಬಕ್ಕ ಹಾರಿಬಂದು, "ಹಲ್ಲಿಗೆ ಈ ಚಿತ್ರದ ಗಂಧಗಾಳಿಯೂ ಗೊತ್ತಿಲ್ಲ" ಎಂದು ಸಾರಿತು.

ಅಷ್ಟರಲ್ಲಿ ಇನ್ನೊಂದು ಸೊಳ್ಳೆ ಸಿಕ್ಕಿ ಹಲ್ಲಿ ಲೊಚಗುಟ್ಟಿತು.

"ಸತ್ಯ, ಸತ್ಯ" ಎಂದು ನೆಲ ಕುಟ್ಟಿದ ಕಾಗೆ, ಗುಬ್ಬಕ್ಕನ ಕಡೆ ತಿರುಗಿ ಹೇಳಿತು: "ನೋಡಿದೆಯಾ? ಹಲ್ಲಿ ಎಂದೂ ಸುಳ್ಳಾಡುವುದಿಲ್ಲ."