ತಕ್ಷಣ ತೆರೆಯುವವು ಮಾತ್ರ

ಎಲ್ಲರ ಎದೆಯಲ್ಲೂ ಅರಿವಾಗಿ ನೆಲೆಸಿರುವ ಪರಮಾತ್ಮನಿಗೆ ಮೊದಲು ಶರಣು. ಅವನು ನುಡಿಸಿದಷ್ಟನ್ನೇ ನುಡಿಯುತ್ತೇನೆ.

ನಮ್ಮ ಮಠದ ಗುರುಗಳ ಬಳಿಗೆ ಒಂದು ದಿನ ಚನ್ನವೀರನೆಂಬ ಶಿಷ್ಯ ಬಂದ. ಮಠದಲ್ಲೇ ಉಂಡು, ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದವನು.

"ಬುದ್ಧೀ, ಗ್ರಂಥಾಲಯದ ಡೇಟಾಬೇಸಿನಲ್ಲಿ ಹುಡುಕಿದೆ. ನನ್ನ ವಿಷಯದ ಮೇಲೆ ಒಂದು ಲೇಖನವೂ ಇಲ್ಲ. ನಾನೇ ಮೊದಲಿಗ ಎಂದು ಪ್ರಬಂಧದಲ್ಲಿ ಬರೆದುಬಿಟ್ಟೆ. ಹೀಗೆ ಹೆಮ್ಮೆಪಡುವುದು ತಪ್ಪೇ?"

"ಹೆಮ್ಮೆ ತಪ್ಪಲ್ಲಪ್ಪ. ಕೂತುಕೋ," ಎಂದು ಗುರುಗಳು ಈ ಕತೆ ಹೇಳಿದರು.

ಒಬ್ಬ ಸಂಶೋಧಕಿ ಇದ್ದಳು. ಕಂಬಳಿ ನೇಯುವವರ ಮಗಳು. ಉಣ್ಣೆಯ ನೂಲಿಗೆ ಹುಣಸೆಬೀಜದ ಗಂಜಿ ಬಳಿಯುವುದನ್ನು ನೋಡುತ್ತ ಬೆಳೆದವಳು. ಆ ಗಂಜಿ ನೂಲಿಗೆ ಎಷ್ಟು ಬಲ ಕೊಡುತ್ತದೆ ಎಂಬುದೇ ಅವಳ ವಿಷಯ. ಡೇಟಾಬೇಸಿನಲ್ಲಿ ಹುಡುಕಿದಳು, ಏನೂ ಸಿಗಲಿಲ್ಲ. "ಇದನ್ನು ಇದುವರೆಗೆ ಯಾರೂ ಅಧ್ಯಯನ ಮಾಡಿಲ್ಲ" ಎಂದು ಪ್ರಬಂಧದ ಮೊದಲ ಪುಟದಲ್ಲಿ ಬರೆದಳು. ಆ ಸಾಲನ್ನು ಮನೆಯವರಿಗೆಲ್ಲ ಓದಿ ಹೇಳಿದಳು. ಅವಳ ತಂದೆ ಅದನ್ನು ಎರಡು ಸಲ ಓದಿಸಿ ಕೇಳಿದರು.

ಪ್ರಬಂಧ ಒಪ್ಪಿಸುವ ಮುನ್ನ ಕೊನೆಯ ಸಲ ಹುಡುಕೋಣವೆಂದು ಗ್ರಂಥಾಲಯಕ್ಕೆ ಹೋದಳು. ಗ್ರಂಥಪಾಲಕಿ ಹಿಂದೆ ನಿಂತು ಕಂಪ್ಯೂಟರ್ ಪರದೆ ನೋಡಿ ನಕ್ಕರು.

"ಏನಮ್ಮಾ ಇದು? ತಕ್ಷಣ ತೆರೆಯುವ ಲೇಖನಗಳು ಮಾತ್ರ ಸಾಕು ಅಂತ ಈ ಚೌಕದಲ್ಲಿ ಗುರುತು ಹಾಕಿದ್ದೀಯಲ್ಲ! ನಮ್ಮ ವಿಶ್ವವಿದ್ಯಾಲಯ ತರಿಸದ ಪತ್ರಿಕೆಗಳೂ ಲೋಕದಲ್ಲಿ ಇವೆ ತಾಯಿ."

ಸಂಶೋಧಕಿ ಗುರುತು ತೆಗೆದಳು. ಒಂದು ಹಳೆಯ ಲೇಖನ ಬಂತು. ಸಾರಾಂಶ ಮಾತ್ರ ಕಾಣುತ್ತಿತ್ತು. ಅದೇ ನೂಲು, ಅದೇ ಗಂಜಿ, ಅವಳು ಮಾಡಿದ್ದ ಪರೀಕ್ಷೆಯೇ.

ಗ್ರಂಥಪಾಲಕಿ ಬೇರೆಯವರ ಕಡೆಗೆ ಹೋಗಿದ್ದರು. ಗುರುತನ್ನು ಮತ್ತೆ ಹಾಕಿದರೆ ಲೇಖನ ಮರೆಯಾಗುತ್ತಿತ್ತು, ಅವಳ ಸಾಲು ಉಳಿಯುತ್ತಿತ್ತು. ಅವಳು ಆ ಸಾರಾಂಶವನ್ನು ಮತ್ತೊಮ್ಮೆ ಓದಿದಳು. ಆಮೇಲೆ ಎದ್ದು ಹೋಗಿ, "ಅಕ್ಕಾ, ಇದನ್ನು ಎಲ್ಲಿಂದಾದರೂ ತರಿಸಿಕೊಡಿ," ಎಂದಳು.

ಬೇರೆ ಊರಿನ ಗ್ರಂಥಾಲಯದಿಂದ ಲೇಖನದ ಪ್ರತಿ ಬಂತು. ಕೊನೆಯಲ್ಲಿ ಅದನ್ನು ಬರೆದವರು ಹೇಳಿದ್ದರು: ನೆನೆದು ಒಣಗಿದ ಮೇಲೂ ಈ ಬಲ ಉಳಿಯುವುದೇ ಎಂದು ನೋಡಲು ನನ್ನಿಂದ ಆಗಲಿಲ್ಲ, ಮುಂದೆ ಬರುವವರು ನೋಡಲಿ.

ಸಂಶೋಧಕಿ ತನ್ನ ಸಾಲನ್ನು ಹೊಡೆದುಹಾಕಿದಳು. ಹೆಚ್ಚಿನ ಕಾಲಾವಕಾಶ ಕೇಳಿಕೊಂಡಳು. ಗಂಜಿ ಬಳಿದ ನೂಲನ್ನು ನೆನೆಸಿ, ಒಣಗಿಸಿ, ಮತ್ತೆ ನೆನೆಸಿ ಪರೀಕ್ಷಿಸಿದಳು. ಪ್ರಬಂಧದ ಮೊದಲ ಪುಟದಲ್ಲಿ ಆ ಲೇಖನ ಬರೆದ ಹಿರಿಯರ ಹೆಸರು ಬಂತು.

ಮೌಖಿಕ ಪರೀಕ್ಷೆಯ ದಿನ ಪರೀಕ್ಷಕರು ಕೇಳಿದರು: "ಈ ಲೇಖನ ನಮಗೂ ಗೊತ್ತಿರಲಿಲ್ಲ. ಸುಮ್ಮನಿದ್ದಿದ್ದರೆ ನೀನೇ ಮೊದಲಿಗಳಾಗುತ್ತಿದ್ದೆಯಲ್ಲಮ್ಮ?"

"ಹೌದು ಸರ್. ಅವರು ನಿಂತಲ್ಲೇ ಬಂದು ನಿಲ್ಲುತ್ತಿದ್ದೆ. ಈಗ ಅವರು ಹೇಳಿದ ಕಡೆಗೆ ಹೋಗಿ ಬಂದಿದ್ದೇನೆ. ನೆನೆದು ಒಣಗಿದರೂ ಬಲ ಉಳಿಯುತ್ತದೆ ಸರ್, ನೋಡಿದ್ದೇನೆ."

ಹಿಂದಿನ ಸಾಲಿನಲ್ಲಿದ್ದ ಅವಳ ತಂದೆ ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡು ನೆಟ್ಟಗೆ ಕೂತರು.

ಗುರುಗಳು ಕತೆ ನಿಲ್ಲಿಸಿದರು. ತಮ್ಮದೇ ಮನೆಮಗಳ ಮಾತು ಹೇಳಿದಂತೆ ಅವರ ಮುಖ ಅರಳಿತ್ತು. ಚನ್ನವೀರ ಕೈಮುಗಿದು, "ಅಂಥ ಹೆಮ್ಮೆ ನನಗೂ ದೊರೆಯಲಿ ಬುದ್ಧೀ," ಎಂದ.

ಗುರುಗಳು ಅವನನ್ನೇ ನೋಡಿದರು.

"ನೀನು ಹುಡುಕುವಾಗ ಆ ಚೌಕದಲ್ಲಿ ಗುರುತು ಇತ್ತೋ, ಇರಲಿಲ್ಲವೋ?"

ಚನ್ನವೀರ ಎದ್ದು ಗ್ರಂಥಾಲಯದ ಕಡೆಗೆ ಹೊರಟ.

ಇದನ್ನು ಕೇಳಿದ ನಿಮ್ಮೆಲ್ಲರ ಮನೆಯಲ್ಲಿ ವಿದ್ಯೆ ಬೆಳಗಲಿ. ನಿಮಗಿಂತ ಮೊದಲು ನಡೆದವರು ನಿಮ್ಮ ಕಣ್ಣಿಗೆ ಕಾಣಲಿ, ನಿಮ್ಮ ನಂತರ ಬರುವವರಿಗೆ ನೀವೂ ಕಾಣುವಂತಾಗಲಿ. ಪರಮಾತ್ಮನ ಕೃಪೆ ನಿಮ್ಮ ಮೇಲಿರಲಿ.