ನೆಲ್ಲಿಕಾಯಿ ಗಾತ್ರದ ಗುಂಡು

ಗಾದಿಲಿಂಗಜ್ಜನ ಕುಲುಮೆ ಹೊಳೆಯ ದಂಡೆಯಲ್ಲಿತ್ತು. ಕೋವಿ ಮಾಡುವುದನ್ನೂ ಬೇಟೆಯನ್ನೂ ಕಲಿಯಲು ಸುತ್ತಲ ಹಟ್ಟಿಗಳಿಂದ ಶಿಷ್ಯರು ಬಂದು ಅಲ್ಲಿ ಉಳಿಯುತ್ತಿದ್ದರು.

ಅಜ್ಜನದು ಒಂದು ಕಟ್ಟುನಿಟ್ಟಿನ ಪದ್ಧತಿ. ಶಿಷ್ಯನಿಗೆ ಸಿಗುವುದು ಒಂದೇ ಸೀಸದ ಗುಂಡು. ಹೊಡೆದವನೇ ಅದನ್ನು ಹುಡುಕಿ ತರಬೇಕು, ಕರಗಿಸಿ ಮತ್ತೆ ಎರಕ ಹೊಯ್ಯಬೇಕು. ಕಳೆದುಕೊಂಡವನು ಗಂಟುಮೂಟೆ ಕಟ್ಟಿ ಹೊರಡಬೇಕು.

"ಮುದುಕ ಮಹಾ ಜಿಪುಣ," ಎಂದು ಶಿಷ್ಯರು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಅಜ್ಜನಿಗೆ ಅದು ಚೆನ್ನಾಗಿಯೇ ಕೇಳಿಸುತ್ತಿತ್ತು. ಕೇಳಿಸಿಕೊಂಡು ತಿದಿ ಒತ್ತುತ್ತಿದ್ದ.

ಕಾಟಯ್ಯ ಅಲ್ಲಿಗೆ ಬಂದದ್ದು ಒಂದು ಹಂದಿಯ ದೆಸೆಯಿಂದ. ಅವನ ಶೇಂಗಾ ಹೊಲಕ್ಕೆ ನುಗ್ಗುತ್ತಿದ್ದ ಒಂಟಿ ಕಾಡುಹಂದಿ, ಕಾವಲಿಗೆ ಹೋದ ಹೆಂಡತಿ ಬೊಮ್ಮಕ್ಕನ ಮೇಲೇ ಎರಗಿತ್ತು. ಅವಳು ಬೇವಿನ ಮರ ಹತ್ತಿ ಜೀವ ಉಳಿಸಿಕೊಂಡಳು. ಕಾಟಯ್ಯ ಅಪ್ಪನ ಹಳೆಯ ಕೋವಿಯಿಂದ ಹೊಡೆದ ಗುಂಡು, ಹಂದಿಯ ಭುಜಕ್ಕೆ ಮೆತ್ತಿ ಒಣಗಿದ್ದ ಕೆಸರಿನಲ್ಲೇ ಸಿಕ್ಕಿಕೊಂಡಿತು. ಹಂದಿ ಮೈ ಕೊಡವಿ ಹೊರಟುಹೋಯಿತು.

ಹೆಂಡತಿ ಮರದ ಮೇಲೆ ನಡುಗುತ್ತಾ ಕೂತಿದ್ದುದು ಅವನ ಕಣ್ಣಿಗೆ ಕಟ್ಟಿತ್ತು. ಆದ್ದರಿಂದ ಬಂದವನೇ ಕೇಳಿದ:

"ಅಜ್ಜ, ಹಂದಿಗೆ ಎಷ್ಟು ದಪ್ಪದ ಗುಂಡು ಬೇಕು?"

ಅಜ್ಜ ಮೂರು ಗುಂಡುಗಳನ್ನು ಕಲ್ಲಿನ ಮೇಲಿಟ್ಟ. ಒಂದು ಕಡಲೆಕಾಳಿನಷ್ಟು, ಒಂದು ಗಜ್ಜುಗದಷ್ಟು, ಒಂದು ನೆಲ್ಲಿಕಾಯಿಯಷ್ಟು.

"ನೀನೇ ಆರಿಸು."

ಕಾಟಯ್ಯ ನೆಲ್ಲಿಕಾಯಿ ಗಾತ್ರದ್ದಕ್ಕೆ ಕೈ ಹಾಕಿದ.

"ಯಾಕಪ್ಪ?"

"ಕೆಸರು, ತೊಗಲು, ಮೂಳೆ, ಎಲ್ಲಾ ತೂರ್ಕೊಂಡು ಹೋಗ್ಬೇಕಜ್ಜ."

"ಹೋಗಿ?"

"ಹೋಗಿ ಏನು? ಹಂದಿ ಬೀಳ್ತೈತೆ."

"ಸರಿ," ಎಂದ ಅಜ್ಜ. ಮಾತು ಅಲ್ಲಿಗೇ ನಿಂತಿತು.

ಕಾಟಯ್ಯನ ಕೇಳುವ ಚಟ ಮಾತ್ರ ನಿಲ್ಲಲಿಲ್ಲ. ಉಣ್ಣುವಾಗಲೂ ಪ್ರಶ್ನೆ, ಇದ್ದಿಲು ಹೊರುವಾಗಲೂ ಪ್ರಶ್ನೆ.

"ನಳಿಗೆ ಎಷ್ಟು ಉದ್ದ ಇರ್ಬೇಕಜ್ಜ?"

"ಪೊದೆಯೊಳಗೆ ತಿರುಗಬೇಕಲ್ಲ, ಅಷ್ಟು."

"ಭುಜಕ್ಕೆ ಒತ್ತೋ ಮರ ಯಾವುದು ಒಳ್ಳೇದು? ಹಗುರದ್ದಾ, ಭಾರದ್ದಾ?"

"ಹಗುರದ್ದು ನಿನ್ನ ಒದೀತೈತೆ. ಭಾರದ್ದು ನಿನ್ನ ದಣಿಸ್ತೈತೆ. ಯಾವುದನ್ನ ತಡೀತೀಯ?"

"ಗುಂಡು ಎಷ್ಟು ದೂರ ಹೋಗ್ತೈತಜ್ಜ?"

ಅಜ್ಜ ಸುತ್ತಿಗೆ ನಿಲ್ಲಿಸಿ ಅವನನ್ನೇ ನೋಡಿದ. "ಆ, ಇದು ಕೇಳೋ ಮಾತು," ಎಂದು ಮತ್ತೆ ಬಡಿಯತೊಡಗಿದ. ಅಂದು ಪೂರ್ತಿ ಕಾಟಯ್ಯನಿಗೆ ತಲೆ ಕೆರೆದುಕೊಳ್ಳುವುದೇ ಕೆಲಸವಾಯಿತು.

ಕೊನೆಗೂ ಕೋವಿ ಸಿದ್ಧವಾಯಿತು. ದಪ್ಪ ನಳಿಗೆ, ಹೊನ್ನೆ ಮರದ ಹಿಡಿ, ತುದಿಯಲ್ಲಿ ಗುರಿ ನೋಡಲು ಹಿತ್ತಾಳೆಯ ಮಣಿ. ಕಾಟಯ್ಯ ಅದನ್ನು ಹಸುಗೂಸಿನ ಹಾಗೆ ಬಟ್ಟೆಯಲ್ಲಿ ಸುತ್ತಿಕೊಂಡ.

"ಹೊಸ ಕೋವಿಯ ಮೊದಲ ಗುಂಡು, ಅದು ಕಾಯೋ ಹೊಲದಾಗೇ ಹಾರ್ಬೇಕು," ಎಂದ ಅಜ್ಜ. ಇಬ್ಬರೂ ಕಾಟಯ್ಯನ ಹಟ್ಟಿಗೆ ನಡೆದರು.

ಹೊಲ ಮುಟ್ಟಿದಾಗ ಬಿಸಿಲೇರಿತ್ತು. ಕಾಟಯ್ಯ ಒಂದು ಬೂದುಗುಂಬಳಕ್ಕೆ ಹಳೆಯ ಹಂದಿ ತೊಗಲು ಸುತ್ತಿ, ಕೆಸರು ಮೆತ್ತಿ, ಬದುವಿನ ಮೇಲಿಟ್ಟ. ಬದುವಿನಾಚೆ ಆಳೆತ್ತರದ ಸಜ್ಜೆ ಬೆಳೆದು ನಿಂತಿತ್ತು.

ಅಜ್ಜ ಆ ಸಜ್ಜೆಯೊಳಗೆ ನುಗ್ಗಿ ಎತ್ತಲೋ ಹೋದ. ಮುದುಕರಿಗೆ ಆಗಾಗ ಮರೆ ಬೇಕಾಗುತ್ತದೆ ಎಂದುಕೊಂಡು ಕಾಟಯ್ಯ ಆ ಕಡೆ ನೋಡಲಿಲ್ಲ.

ಅಜ್ಜ ಹಿಂದಿರುಗುವಾಗ ಜೊತೆಗೆ ಬೊಮ್ಮಕ್ಕನೂ ಇದ್ದಳು, ಕೈಯಲ್ಲಿ ಮಜ್ಜಿಗೆಯ ಗಡಿಗೆ.

"ನೀನು ಎಲ್ಲಿದ್ದೆ?" ಎಂದು ಕಾಟಯ್ಯ ಅರಳಿದ ಮುಖದಲ್ಲಿ ಕೇಳಿದ.

"ಅಲ್ಲೇ ನಮ್ಮ..."

"ಮೊದಲು ಮಜ್ಜಿಗೆ ಹೊಯ್ಯವ್ವ, ಗಂಟಲು ಒಣಗೈತೆ," ಎಂದ ಅಜ್ಜ. ಅವಳನ್ನು ತನ್ನ ಪಕ್ಕದಲ್ಲಿ, ಕೋವಿಯ ಹಿಂದೆ ಕೂರಿಸಿಕೊಂಡ.

ಕಾಟಯ್ಯ ತಗ್ಗಿನಲ್ಲಿ ಮಂಡಿಯೂರಿ ನಳಿಗೆಗೆ ಮದ್ದು, ನೆಲ್ಲಿಕಾಯಿ ಗಾತ್ರದ ಗುಂಡು ಗಿಡಿದ, ಮಣಿಯಲ್ಲಿ ಕಣ್ಣಿಟ್ಟ, ಕೋವಿಯ ಕುದುರೆ ಎಳೆದ.

ಕೋವಿ ಅವನನ್ನು ಹಿಂದಕ್ಕೆ ಕೆಡವಿತು. ಬೊಮ್ಮಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಬದುವಿನ ಮೇಲೆ ಕುಂಬಳವೇ ಇರಲಿಲ್ಲ. ತೊಗಲಿನಲ್ಲಿ ಮುಷ್ಟಿ ಹೋಗುವಷ್ಟು ತೂತು.

"ಸತ್ತಿತು ಹಂದಿ!" ಎಂದು ಕಾಟಯ್ಯ ಬಿದ್ದಲ್ಲಿಂದಲೇ ಕೂಗಿದ. ಅವನಿಗೆ ಅಷ್ಟು ಸಂತೋಷವಾಗಿ ವರ್ಷವಾಗಿತ್ತು.

ಅಜ್ಜ ಅಂಗೈ ಚಾಚಿದ. "ಗುಂಡು."

ಕಾಟಯ್ಯ ಶಿಳ್ಳೆ ಹೊಡೆಯುತ್ತಾ ಹುಡುಕಲು ಹೋದ. ಬದುವಿನ ಮಣ್ಣು ಕೆದಕಿದ. ಅಪ್ಪನ ಕೋವಿಯ ಗುಂಡುಗಳು ಯಾವಾಗಲೂ ಅಲ್ಲೇ ಹೂತಿರುತ್ತಿದ್ದವು. ಇದು ಇರಲಿಲ್ಲ.

ಸಜ್ಜೆಯಲ್ಲಿ ಒಂದು ದಂಟು ಮುರಿದು ಜೋತುಬಿದ್ದಿತ್ತು. ಅದರಾಚೆ ಇನ್ನೊಂದು. ಎಷ್ಟು ದೂರ ಹೋಗಿದೆಯಪ್ಪಾ ಎಂದು ಹಿಗ್ಗುತ್ತಾ ಅವನು ಮುರಿದ ದಂಟುಗಳ ಜಾಡು ಹಿಡಿದು ನಡೆದ.

ಸಜ್ಜೆ ಮುಗಿದಲ್ಲಿ ಒಂದು ಹೊಸ ಅಟ್ಟಣೆ ಇತ್ತು. ಸೊಂಟದೆತ್ತರಕ್ಕೆ ಕಟ್ಟಿ, ಈಚಲು ಗರಿಯ ಮರೆ ಮಾಡಿದ ಕಾವಲಿನ ಅಟ್ಟಣೆ. ಅವನು ಕುಲುಮೆಯಲ್ಲಿದ್ದಾಗ ಕಟ್ಟಿದ್ದು. ಮೇಲೆ ಬೊಮ್ಮಕ್ಕನ ಕವಣೆ, ಅವಳ ಕಂಬಳಿ, ಅರ್ಧ ತಿಂದ ರೊಟ್ಟಿ.

ಗರಿಯಲ್ಲಿ ತೂತು ಬಿದ್ದಿತ್ತು. ಅವಳು ಒರಗಿ ಕೂರುವ ಗೂಟದಲ್ಲಿ, ಕೂತವಳ ಎದೆಯ ಮಟ್ಟಕ್ಕೆ, ಗುಂಡು ನಾಟಿಕೊಂಡಿತ್ತು.

ಕಾಟಯ್ಯನ ಶಿಳ್ಳೆ ಯಾವಾಗ ನಿಂತಿತೋ ಅವನಿಗೇ ತಿಳಿಯಲಿಲ್ಲ. ಗರಿಯ ತೂತಿಗೆ ಬೆರಳಿಟ್ಟು ನೋಡಿದ. ಆಮೇಲೆ ಚೂರಿಯಿಂದ ಗುಂಡು ಕಿತ್ತುಕೊಂಡು, ಸಜ್ಜೆಯ ನಡುವೆ ಹಿಂದಿರುಗಿದ.

"ಸಿಕ್ತಾ?" ಎಂದಳು ಬೊಮ್ಮಕ್ಕ.

ಅವನಿಗೆ ಅವಳ ಮುಖ ನೋಡಲಾಗಲಿಲ್ಲ. ಚಪ್ಪಟೆಯಾದ ಗುಂಡನ್ನು ಅಜ್ಜನ ಅಂಗೈಯಲ್ಲಿಟ್ಟ. ಕಣ್ಣಲ್ಲಿ ನೀರು ಇಳಿಯುತ್ತಿತ್ತು.

"ಅವಳು ಅಲ್ಲಿರೋದು ನಿಮಗೆ ಗೊತ್ತಿತ್ತಾ ಅಜ್ಜ?"

"ಗೊತ್ತಿರಲಿಲ್ಲ. ಅದಕ್ಕೇ ನಡೆದು ನೋಡಿದೆ."

ಬೊಮ್ಮಕ್ಕ ಗಂಡನನ್ನು ನೋಡಿದಳು, ಗುಂಡನ್ನು ನೋಡಿದಳು, ಸಜ್ಜೆಯ ಕಡೆ ನೋಡಿದಳು. ಕೈಯಲ್ಲಿದ್ದ ಗಡಿಗೆಯನ್ನು ಮೆಲ್ಲಗೆ ನೆಲಕ್ಕಿಟ್ಟಳು.

ಕಾಟಯ್ಯ ಮುಖ ಒರೆಸಿಕೊಂಡ. ಬಂದ ದಿನ ಕೇಳಿದ್ದನ್ನೇ ಮತ್ತೆ ಕೇಳಿದ, ಈ ಸಲ ಬಹಳ ಮೆಲ್ಲಗೆ:

"ಅಜ್ಜ, ಎಷ್ಟು ದಪ್ಪದ ಗುಂಡು ಹೊಯ್ಯಲಿ?"

ಅಜ್ಜ ಗುಂಡನ್ನು ಅವನ ಕೈಗೇ ವಾಪಸು ಕೊಟ್ಟ.

"ಮೊದಲು ಗುಂಡು ಹೋಗಿ ನಿಲ್ಲೋ ಜಾಗ ನೋಡ್ಕೊಂಡು ಬಾ. ಹಂದಿ ಸಿಗೋದು ಅದರ ದಾರಿ ಮಧ್ಯದಾಗೆ."